ಗೃಹವಾಚನ: ವೀರರ ಚರಿತ್ರೆಯನ್ನು ಬರೆಯುವ ಬಗೆ

ಮಕ್ಕಳ ಕೈಗೆ ಎಂತಹ ಪುಸ್ತಕವನ್ನು ಕೊಡಬೇಕೆಂದು ಕೇಳಿದರೆ, ಹಿರಿಯರಲ್ಲಿ ಹತ್ತಕ್ಕೆ ಎಂಟು ಮಂದಿ, ಮಹಾಪುರುಷರ ಜೀವನಚರಿತ್ರೆಗಳನ್ನು ಕೊಡಿರೆಂದೇ ಹೇಳುವರು. ಈ ಮಾತು ಸರಿಯಾದುದೇ. ಕಾವ್ಯವು ರುಚಿಯನ್ನು ಬೆಳೆಸುವುದು. ಶಾಸ್ತ್ರವು ಬುದ್ಧಿಯನ್ನು ಹರಿತಗೊಳಿಸುವುದು. ಆದರೆ ನಮ್ಮಂತೆಯೇ ಹುಟ್ಟಿ, ನಮ್ಮಂತೆಯೇ ಹಸಿವು ನಿದ್ರೆಗಳಿಗೆ ಒಳಗಾಗಿದ್ದ ಒಬ್ಬ ಮನುಷ್ಯನು ಇಂತಿಂತಹ ಕಾರ್ಯಗಳನ್ನು ಸಾಧಿಸಿದನೆಂದು ಓದಿದಾಗ ಎಳೆಯರ ಮನಸ್ಸಿನಲ್ಲಿ ಹುಟ್ಟುವ ಉತ್ಸಾಹವು ಬೇರೊಂದು ಬಗೆಯದು. ಅದರಲ್ಲಿಯೂ ದೇಶದೇಶಗಳನ್ನು ಗೆದ್ದವರು, ಅನ್ಯಾಯವನ್ನು ಸಹಿಸಲಾರದೆ ದಂಗೆಯೆದ್ದವರು, ಕಾಣದ ಕಡಲುಗಳನ್ನು ದಾಟಿದವರು, ಈ ಮೂರು ವರ್ಗದವರ ಕಥೆಗಳೆಂದರೆ ಮಕ್ಕಳು ಊಟವನ್ನೂ ಮರೆತು ಕುಳಿತುಕೊಳ್ಳುವರು.

ಆದುದರಿಂದಲೇ ಇಂತಹ ಚರಿತ್ರೆಗಳನ್ನು ಬರೆಯುವವನ ಹೊಣೆಯು ದೊಡ್ಡದು. ಎಳೆಯ ವಯಸ್ಸಿನಲ್ಲಿ ಓದಿದುದು ಹಸಿಯ ಗೋಡೆಯ ಮೇಲೆ ಒತ್ತಿದ ಬೆರಳಿನ ಗುರುತಿನಂತೆ ಕಡೆಯವರೆಗೂ ಉಳಿಯುವುದು. ಆ ಹೊಣೆಯ ವಿಷಯವಾಗಿ ಈ ತಿಂಗಳು ನಾಲ್ಕು ಮಾತುಗಳನ್ನು ಬರೆಯಬೇಕೆಂದಿರುವೆನು. ಬರೆಯುವುದಕ್ಕೆ ಕಾರಣವಾದುದು ನನ್ನದೇ ಒಂದು ತಪ್ಪು; ಅದನ್ನು ಮೊದಲಿಗೇ ಒಪ್ಪಿಕೊಂಡುಬಿಡುವುದು ಲೇಸು.

ಸುಮಾರು ಮೂವತ್ತು ವರ್ಷಗಳ ಹಿಂದೆ, ನನ್ನ ಮಕ್ಕಳು ಚಿಕ್ಕವರಾಗಿದ್ದಾಗ, ಅವರಿಗೆ ಓದಿ ಹೇಳುವುದಕ್ಕೆಂದು ಕೊಲಂಬಸನ ಚರಿತ್ರೆಯನ್ನು ನಲವತ್ತು ಪುಟಗಳಷ್ಟು ಬರೆದಿದ್ದೆನು. ಅದು ಅಚ್ಚಾಗಲಿಲ್ಲ, ನೋಟುಪುಸ್ತಕದಲ್ಲಿಯೇ ಉಳಿಯಿತು. ಆದರೂ ನೆರೆಹೊರೆಯ ಮಕ್ಕಳೆಲ್ಲ ಅದನ್ನು ಕೇಳಿ ಮೆಚ್ಚಿದ್ದರು. ನನಗೂ ಅದರ ವಿಷಯದಲ್ಲಿ ಒಳಗೊಳಗೇ ಸ್ವಲ್ಪ ಹೆಮ್ಮೆಯಿದ್ದಿತು. ಕಳೆದ ಬೇಸಗೆಯ ರಜೆಯಲ್ಲಿ ಅಟ್ಟದ ಮೇಲಿನ ಪೆಟ್ಟಿಗೆಯನ್ನು ಕೆಳಗಿಳಿಸಿದಾಗ ಆ ಪುಸ್ತಕವು ನನ್ನ ಮೊಮ್ಮಗಳ ಕೈಗೆ ಸಿಕ್ಕಿತು. ಹತ್ತು ವರ್ಷದ ಹುಡುಗಿ. ರಾತ್ರಿ ಊಟವಾದ ಮೇಲೆ ನಡುಮನೆಯಲ್ಲಿ ಕುಳಿತು, ಎಲ್ಲರಿಗೂ ಕೇಳಿಸುವಂತೆ, ಮೊದಲಿನಿಂದ ಓದುತ್ತ ಬಂದಳು. 1492ನೆಯ ಆಗಸ್ಟ್ 3ರಲ್ಲಿ ಮೂರು ಹಡಗುಗಳು ಪಾಲೋಸ್ ಬಂದರನ್ನು ಬಿಟ್ಟುದು, ನಾವಿಕರು ಗೊಣಗಿದುದು, ಅಕ್ಟೋಬರ್ 12ರಲ್ಲಿ ನೆಲವು ಕಾಣಿಸಿದುದು, ದ್ವೀಪದ ಜನರು ಈಜಿಕೊಂಡು ಬಂದು ಗಿಣಿಗಳನ್ನೂ ಹತ್ತಿಯ ಉಂಡೆಗಳನ್ನೂ ತಂದುಕೊಟ್ಟುದು, ಎಲ್ಲವನ್ನೂ ಓದಿದಳು. ಮರುವರ್ಷ ಬಾರ್ಸಿಲೋನಾ ನಗರದಲ್ಲಿ ಸ್ಪೇನಿನ ರಾಜದಂಪತಿಗಳು ಅವನನ್ನು ಗೌರವದಿಂದ ಎದುರುಗೊಂಡರೆಂಬಲ್ಲಿಗೆ ನನ್ನ ಕಥೆಯು ಮುಗಿದಿತ್ತು. ಹುಡುಗಿಯು ಪುಸ್ತಕವನ್ನು ಮುಚ್ಚಿ ಕೇಳಿದಳು:

"ತಾತ, ಗಿಣಿಗಳನ್ನು ತಂದುಕೊಟ್ಟರಲ್ಲ, ಆ ಜನರು ಆಮೇಲೆ ಏನಾದರು?"

"ಆಮೇಲೆ ಅನೇಕ ಸಂಗತಿಗಳು ನಡೆದವು, ಮಗು" ಎಂದು ಹೇಳಿ ನಾನು ಎಲೆಯಡಿಕೆಯ ತಟ್ಟೆಯ ಕಡೆಗೆ ಕೈಚಾಚಿದೆನು.

"ಅವೆಲ್ಲ ನಿಮಗೆ ಗೊತ್ತಿದ್ದವೇ?"

"ಗೊತ್ತಿದ್ದವು."

"ಮತ್ತೆ ಏಕೆ ಬರೆಯಲಿಲ್ಲ?"

ನಮ್ಮ ಮನೆಯಾಕೆಯು, "ಮಲಗುವ ಹೊತ್ತಿನಲ್ಲಿ ಮಗುವಿಗೆ ಅದೆಲ್ಲ ಏಕೆ?" ಎಂದು ಹೇಳಿ ನನ್ನನ್ನು ಪಾರುಮಾಡಿದಳು. ಆದರೆ ಆ ರಾತ್ರಿ ನನಗೆ ಬೇಗನೆ ನಿದ್ರೆ ಬರಲಿಲ್ಲ. ಆ ಪುಸ್ತಕದಲ್ಲಿ ನಾನು ಬೇಕೆಂದು ಸುಳ್ಳು ಬರೆದಿರಲಿಲ್ಲ. ಆದರೆ ತಿಳಿದಿದ್ದುದನ್ನು ಬಿಟ್ಟಿದ್ದೆನು. ಕಥೆಯು ಎಲ್ಲಿ ಇಂಪಾಗಿದೆಯೋ ಅಲ್ಲಿಗೇ ನಿಲ್ಲಿಸಿದ್ದೆನು. ಜೀವನಚರಿತ್ರೆಯಲ್ಲಿ ಕಥೆಯನ್ನು ಎಲ್ಲಿ ನಿಲ್ಲಿಸಿದೆವೆಂಬುದೂ ಒಂದು ಬಗೆಯ ಮಾತೇ ಎಂಬುದನ್ನು ಅಷ್ಟು ವರ್ಷಗಳಲ್ಲಿ ನಾನು ಯೋಚಿಸಿರಲಿಲ್ಲ.

ಬಿಟ್ಟುದು ಏನೆಂಬುದನ್ನು ಈಗ ಹೇಳುವೆನು. ಕೊಲಂಬಸನು 1493ರಲ್ಲಿ ಎರಡನೆಯ ಸಲ ಹದಿನೇಳು ಹಡಗುಗಳೊಡನೆ ಹೊರಟನು. ಅವನು ಬಯಸಿದಷ್ಟು ಚಿನ್ನವು ಅಲ್ಲಿ ದೊರೆಯಲಿಲ್ಲ. ಆದುದರಿಂದ 1495ರಲ್ಲಿ ಐನೂರಕ್ಕಿಂತ ಹೆಚ್ಚು ಮಂದಿ ದ್ವೀಪವಾಸಿಗಳನ್ನು ಹಿಡಿಸಿ, ಗುಲಾಮರನ್ನಾಗಿ ಮಾರುವುದಕ್ಕೆಂದು ಸ್ಪೇನಿಗೆ ಕಳುಹಿಸಿದನು. ಅವರಲ್ಲಿ ಸುಮಾರು ಇನ್ನೂರು ಮಂದಿ ದಾರಿಯಲ್ಲಿಯೇ ಸತ್ತರು. ಹಿಸ್ಪಾನಿಯೋಲಾ ದ್ವೀಪದ ಚಿನ್ನದ ಸೀಮೆಯಲ್ಲಿ, ಹದಿನಾಲ್ಕು ವರ್ಷ ಮೀರಿದ ಪ್ರತಿಯೊಬ್ಬರೂ ಮೂರು ತಿಂಗಳಿಗೊಮ್ಮೆ ಒಂದು ಸಣ್ಣ ಗೆಜ್ಜೆಯ ತುಂಬ ಚಿನ್ನದ ಪುಡಿಯನ್ನು ಕಪ್ಪವಾಗಿ ಒಪ್ಪಿಸಬೇಕೆಂದು ವಿಧಿಸಲಾಯಿತು. ಒಪ್ಪಿಸಿದವರು ಗುರುತಿಗಾಗಿ ಕೊರಳಲ್ಲಿ ಒಂದು ಬಿಲ್ಲೆಯನ್ನು ಕಟ್ಟಿಕೊಳ್ಳಬೇಕಾಗಿತ್ತು. ಕಷ್ಟದ ದುಡಿಮೆ, ಹೊಲಗಳು ಹಾಳುಬಿದ್ದುದರಿಂದ ಉಂಟಾದ ಕ್ಷಾಮ, 1518ರ ಕೊನೆಗೆ ಕಾಣಿಸಿಕೊಂಡ ಸಿಡುಬು, ಇವೆಲ್ಲ ಸೇರಿ, ಮೊದಲ ಹಡಗು ಬಂದ ಐವತ್ತು ವರ್ಷಗಳೊಳಗಾಗಿ ಆ ದ್ವೀಪದ ತೈನೋ ಜನರಲ್ಲಿ ಅತಿ ಸ್ವಲ್ಪ ಮಂದಿ ಮಾತ್ರ ಉಳಿದರು. ಅವರ ಸಂತತಿಯೂ ಕೆಲವು ಮಾತುಗಳೂ ಇಂದಿಗೂ ಪೂರ್ತಿಯಾಗಿ ಅಳಿದಿಲ್ಲ. ಎರಡು ಮರಗಳ ನಡುವೆ ಕಟ್ಟಿ ಮಲಗುವ ಬಲೆಯ ಹಾಸಿಗೆಗೆ ಇಂಗ್ಲಿಷಿನಲ್ಲಿ 'ಹ್ಯಾಮಕ್' ಎನ್ನುವರಷ್ಟೆ. ಆ ಶಬ್ದವು ಅವರದು.

ಈ ಸಂಗತಿಗಳನ್ನು ಕೊಲಂಬಸನ ಶತ್ರುಗಳು ಮಾತ್ರ ಹೇಳಿದ್ದರೆ ನಾವು ಸಂಶಯಪಡಬಹುದಾಗಿತ್ತು. ಆದರೆ ಗೆಜ್ಜೆ ತುಂಬ ಚಿನ್ನದ ಕಪ್ಪವನ್ನು ಕುರಿತು ಬರೆದಿರುವವರಲ್ಲಿ ಅವನ ಸ್ವಂತ ಮಗನೇ ಒಬ್ಬನು. ಆ ಮಗನ ಹೆಸರು ಹೆರ್ನಾಂಡೊ. ಬಾಲ್ಯದಲ್ಲಿಯೇ ತಂದೆಯ ನಾಲ್ಕನೆಯ ಯಾತ್ರೆಯಲ್ಲಿ ಜೊತೆಗಿದ್ದವನು. ಮುಂದೆ ಸೆವಿಲ್ ನಗರದಲ್ಲಿ ಸಾವಿರಾರು ಪುಸ್ತಕಗಳನ್ನು ಕೂಡಿಸಿದ ದೊಡ್ಡ ವಿದ್ವಾಂಸನು. ಅವನು ಬರೆದ ತಂದೆಯ ಚರಿತ್ರೆಯ ಸ್ಪ್ಯಾನಿಷ್ ಮೂಲವು ಕಳೆದುಹೋಗಿ, 1571ರಲ್ಲಿ ವೆನಿಸಿನಲ್ಲಿ ಅಚ್ಚಾದ ಇಟಾಲಿಯನ್ ಭಾಷಾಂತರವು ಮಾತ್ರ ಉಳಿದಿದೆ. ಮಗನ ಕಣ್ಣಿಗೆ ಆ ಕಪ್ಪವು ತಂದೆಯ ಆಡಳಿತದ ಜಾಣತನವಾಗಿ ಕಂಡಿತು. ಒಂದೇ ಸಂಗತಿಯು ಒಬ್ಬನಿಗೆ ಕೀರ್ತಿಯಾಗಿಯೂ ಇನ್ನೊಬ್ಬನಿಗೆ ಪಾಪವಾಗಿಯೂ ತೋರಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಿಲ್ಲ.

ಆ ಇನ್ನೊಬ್ಬನು ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಎಂಬ ಪಾದ್ರಿ. ಕೊಲಂಬಸನು ಯಾತ್ರೆಯಲ್ಲಿ ಬರೆದಿಟ್ಟ ದಿನಚರಿಯ ಮೂಲವೂ ಪ್ರತಿಯೂ ಇಂದು ಇಲ್ಲ. ಮೊದಲ ಯಾತ್ರೆಯ ದಿನಚರಿಯನ್ನು ಲಾಸ್ ಕಾಸಾಸನು ಸಂಗ್ರಹಿಸಿ ಬರೆದಿಟ್ಟುಕೊಂಡುದರಿಂದಲೇ ಅದು ನಮಗೆ ದೊರೆತಿದೆ. ಅದು ಅಚ್ಚಾದುದು 1825ರಲ್ಲಿ. ಈ ಪಾದ್ರಿಯು 1502ರಲ್ಲಿ ತರುಣನಾಗಿ ಆ ದ್ವೀಪಕ್ಕೆ ಹೋಗಿ, ಉಳಿದವರಂತೆ ತಾನೂ ದ್ವೀಪವಾಸಿಗಳಿಂದ ಬಿಟ್ಟಿಯ ದುಡಿಮೆ ಮಾಡಿಸಿಕೊಂಡವನೇ. 1514ರಲ್ಲಿ ಮನಸ್ಸು ತಿರುಗಿ, ತನ್ನ ಪಾಲಿನ ಜನರನ್ನು ಬಿಟ್ಟುಕೊಟ್ಟು, ಉಳಿದ ಆಯುಸ್ಸನ್ನೆಲ್ಲ ಅವರ ಪರವಾಗಿ ವಾದಿಸುವುದರಲ್ಲಿ ಕಳೆದನು. ಅವನು ಬರೆದ ದೊಡ್ಡ ಇತಿಹಾಸದಲ್ಲಿ ಕೊಲಂಬಸನ ಧೈರ್ಯವನ್ನೂ ಸಮುದ್ರಜ್ಞಾನವನ್ನೂ ಮನಸಾರೆ ಹೊಗಳಿರುವನು. ಅವನು ಮಾಡಿದ ಅನ್ಯಾಯವನ್ನು ಅದೇ ಗ್ರಂಥದಲ್ಲಿ ಅಷ್ಟೇ ಸ್ಪಷ್ಟವಾಗಿ ಖಂಡಿಸಿರುವನು. ಇಷ್ಟು ಮಾತ್ರವಲ್ಲ, ದ್ವೀಪವಾಸಿಗಳ ಕಷ್ಟವನ್ನು ತಗ್ಗಿಸುವುದಕ್ಕಾಗಿ ಆಫ್ರಿಕದಿಂದ ಗುಲಾಮರನ್ನು ತರಿಸಬಹುದೆಂದು ಒಂದು ಕಾಲದಲ್ಲಿ ತಾನೇ ಸಲಹೆಯಿತ್ತುದನ್ನು ಮುಚ್ಚಿಡದೆ ಬರೆದು, ಅದಕ್ಕಾಗಿ ಪಶ್ಚಾತ್ತಾಪಪಟ್ಟಿರುವನು. ಚರಿತ್ರಕಾರನು ಹೇಗಿರಬೇಕೆಂದು ಯಾರಾದರೂ ಕೇಳಿದರೆ, ನಾನು ಮೊದಲು ಈತನನ್ನೇ ತೋರಿಸುವೆನು. ಆ ಇತಿಹಾಸವು ಅಚ್ಚಾದುದು ಅವನು ತೀರಿಹೋಗಿ ಮುನ್ನೂರು ವರ್ಷಗಳಾದ ಮೇಲೆ, 1875ರಲ್ಲಿ.

ನನ್ನ ನೋಟುಪುಸ್ತಕದಲ್ಲಿ ಇನ್ನೊಂದು ದೋಷವೂ ಇದ್ದಿತು. ಭೂಮಿಯು ಚಪ್ಪಟೆಯಾಗಿದೆ, ಹಡಗುಗಳು ಅಂಚಿನಿಂದ ಕೆಳಗೆ ಬೀಳುವುವು ಎಂದು ಪಂಡಿತರೆಲ್ಲ ಹೆದರಿಸಿದರೆಂದೂ, ಗುಂಡಗಿದೆಯೆಂದು ಕೊಲಂಬಸನೊಬ್ಬನೇ ವಾದಿಸಿದನೆಂದೂ ಬರೆದಿದ್ದೆನು. ಇದು ವಾಷಿಂಗ್ಟನ್ ಇರ್ವಿಂಗ್ ಎಂಬ ಅಮೆರಿಕದ ಗ್ರಂಥಕರ್ತನು 1828ರಲ್ಲಿ ಪ್ರಕಟಿಸಿದ ಕೊಲಂಬಸನ ಚರಿತ್ರೆಯಿಂದ ಹೆಚ್ಚಾಗಿ ಹರಡಿದ ಕಥೆ. ಇರ್ವಿಂಗನು ಸ್ಪೇನಿನಲ್ಲಿದ್ದು ಹಳೆಯ ಕಾಗದಪತ್ರಗಳನ್ನು ನೋಡಿಯೇ ಬರೆದವನು. ಆದರೂ ಸಭೆಯ ಸನ್ನಿವೇಶವು ರಂಗಾಗಿರಲೆಂದು ಬಣ್ಣವನ್ನು ಹೆಚ್ಚಾಗಿಯೇ ಬಳಿದನು. ಭೂಮಿಯು ಗೋಳಾಕಾರವೆಂಬುದು ಗ್ರೀಕ್ ಪಂಡಿತರಿಗೆ ಕ್ರಿಸ್ತಪೂರ್ವದಲ್ಲಿಯೇ ತಿಳಿದಿದ್ದಿತು. ನಮ್ಮ ಆರ್ಯಭಟನೂ ಅದನ್ನು ಹೇಳಿರುವನು. ಕೊಲಂಬಸನನ್ನು ವಿರೋಧಿಸಿದ ವಿದ್ವಾಂಸರೂ ಅದನ್ನು ಬಲ್ಲವರೇ. ವಾದವಿದ್ದುದು ದೂರದ ವಿಷಯದಲ್ಲಿ. ಪಶ್ಚಿಮದ ದಾರಿಯಿಂದ ಏಷ್ಯವು ಬಹಳ ಹತ್ತಿರವಿದೆಯೆಂದು ಕೊಲಂಬಸನು ಹೇಳಿದನು. ಅಷ್ಟು ಹತ್ತಿರವಿರಲಾರದೆಂದು ಅವರು ಹೇಳಿದರು. ನಿಜವಾದ ದೂರವು ಅವನ ಲೆಕ್ಕದ ನಾಲ್ಕರಷ್ಟಕ್ಕೂ ಹೆಚ್ಚು. ಆದುದರಿಂದ ಲೆಕ್ಕದಲ್ಲಿ ಪಂಡಿತರೇ ಸರಿ. ನಡುವೆ ಇನ್ನೊಂದು ಭೂಖಂಡವು ಅಡ್ಡವಾಗಿ ಇಲ್ಲದಿದ್ದರೆ ಮೂರು ಹಡಗುಗಳವರೂ ಅನ್ನನೀರಿಲ್ಲದೆ ಸಾಯುತ್ತಿದ್ದರು. ನಾಯಕನನ್ನು ಎತ್ತಿ ತೋರಿಸುವುದಕ್ಕಾಗಿ ಸುತ್ತಲಿನವರನ್ನೆಲ್ಲ ಮೂಢರನ್ನಾಗಿ ಮಾಡುವುದು ಚರಿತ್ರೆ ಬರೆಯುವವರಿಗೆ ಬಹಳ ಸುಲಭವಾಗಿ ಅಂಟಿಕೊಳ್ಳುವ ದೋಷ. ನನಗೂ ಅದು ಅಂಟಿತ್ತು.

ಈಗ ದಿಗ್ವಿಜಯಿಗಳ ಕಡೆಗೆ ತಿರುಗೋಣ. ಅಲೆಕ್ಸಾಂಡರನ ಹೆಸರನ್ನು ಅರಿಯದ ಮನೆಯಿಲ್ಲ. ಅವನು ತನ್ನ ದಂಡಯಾತ್ರೆಯ ಚರಿತ್ರೆಯನ್ನು ಬರೆಯುವುದಕ್ಕೆ ಕ್ಯಾಲಿಸ್ಥನೀಸ್ ಎಂಬ ವಿದ್ವಾಂಸನನ್ನು ಜೊತೆಯಲ್ಲಿಯೇ ಕರೆದುಕೊಂಡು ಹೋದನು. ಈತನು ಅರಿಸ್ಟಾಟಲನ ನೆಂಟನು. ರಾಜನನ್ನು ಹೊಗಳುವುದಕ್ಕೆ ಈತನು ಹಿಂದೆಗೆದವನಲ್ಲ. ಆದರೆ ಪಾರಸಿಕರ ಪದ್ಧತಿಯಂತೆ ಎಲ್ಲರೂ ತನಗೆ ಅಡ್ಡಬೀಳಬೇಕೆಂದು ರಾಜನು ಬಯಸಿದಾಗ ಒಪ್ಪಲಿಲ್ಲ. ಮುಂದೆ ಕ್ರಿ. ಪೂ. 327ರಲ್ಲಿ ಒಂದು ಒಳಸಂಚಿನ ಆರೋಪದ ಮೇಲೆ ಅವನನ್ನು ಸೆರೆಹಿಡಿಯಲಾಯಿತು. ಅವನು ಹೇಗೆ ಸತ್ತನು? ಚಿತ್ರಹಿಂಸೆಗೊಳಗಾಗಿ ನೇಣುಗಂಬವೇರಿದನೆಂದು ಟಾಲೆಮಿಯು ಬರೆದನು. ಸಂಕೋಲೆಯಲ್ಲಿಯೇ ಸೈನ್ಯದೊಡನೆ ಅಲೆದು ರೋಗದಿಂದ ಸತ್ತನೆಂದು ಅರಿಸ್ಟೊಬ್ಯೂಲಸನು ಬರೆದನು. ಇವರಿಬ್ಬರೂ ಆ ಸೈನ್ಯದಲ್ಲಿದ್ದವರು. ಇಬ್ಬರೂ ರಾಜನಿಗೆ ಹತ್ತಿರದವರು. ಎದುರಿಗೆ ನಡೆದ ಸಂಗತಿಯಲ್ಲಿಯೇ ಹೀಗೆ!

ಇಂದು ಆ ಇಬ್ಬರ ಗ್ರಂಥಗಳೂ ಉಳಿದಿಲ್ಲ. ಅವುಗಳನ್ನು ಆಧಾರವಾಗಿಟ್ಟುಕೊಂಡು ಸುಮಾರು ನಾನೂರೈವತ್ತು ವರ್ಷಗಳ ಮೇಲೆ, ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ, ಏರಿಯನ್ ಎಂಬುವನು ಬರೆದ ಗ್ರಂಥವೇ ನಮಗೆ ಮುಖ್ಯವಾದ ಆಧಾರ. ಏರಿಯನನು ತಾನು ಇವರಿಬ್ಬರನ್ನು ಏಕೆ ನಂಬಿದೆನೆಂಬುದನ್ನು ಮೊದಲಿಗೇ ಹೇಳಿಬಿಡುವನು: ರಾಜನು ಸತ್ತ ಮೇಲೆ ಅವರು ಬರೆದರು, ಭಯವೂ ಲಾಭವೂ ಇರಲಿಲ್ಲ, ಅಲ್ಲದೆ ಟಾಲೆಮಿಯು ತಾನೇ ಈಜಿಪ್ಟಿಗೆ ರಾಜನಾದವನು, ರಾಜನಿಗೆ ಸುಳ್ಳು ಹೆಚ್ಚಿನ ಅವಮಾನ ಎಂದು. ಈ ಕಡೆಯ ಕಾರಣವನ್ನು ಓದಿದರೆ ನಮಗೆ ನಗು ಬರಬಹುದು. ಆದರೆ ಕಾರಣವನ್ನು ಬರೆದಿಟ್ಟುದರಿಂದಲೇ ಅಲ್ಲವೇ ನಾವು ಅದನ್ನು ತೂಗಿ ನೋಡುವುದಕ್ಕೆ ಸಾಧ್ಯವಾದುದು? ಅವರಿಬ್ಬರ ಮಾತೂ ಹೊಂದದೆ ಇರುವಲ್ಲಿ ಅವನು ಎರಡನ್ನೂ ಬರೆಯುವನು. ಇದು ಪ್ರಾಮಾಣಿಕತೆ.

ಪ್ಲೂಟಾರ್ಕನ ದಾರಿಯು ಬೇರೆ. ತಾನು ಬರೆಯುವುದು ಇತಿಹಾಸವಲ್ಲ, ಜೀವನಚರಿತ್ರೆ. ದೊಡ್ಡ ಯುದ್ಧಕ್ಕಿಂತ ಒಂದು ಸಣ್ಣ ಮಾತು, ಒಂದು ಹಾಸ್ಯ, ಮನುಷ್ಯನ ಸ್ವಭಾವವನ್ನು ಚೆನ್ನಾಗಿ ತೋರಿಸಬಹುದು ಎಂಬುದು ಅವನ ಅಭಿಪ್ರಾಯ. ಅಂಜುಬುರುಕ ಕುದುರೆಯನ್ನು ಬಾಲಕ ಅಲೆಕ್ಸಾಂಡರನು ಸೂರ್ಯನ ಕಡೆಗೆ ತಿರುಗಿಸಿ ಪಳಗಿಸಿದ ಕಥೆಯು ನಮಗೆ ದೊರೆತುದು ಅವನಿಂದಲೇ. ಆದರೆ ಅವನು ಕುದುರೆಯ ಕಥೆಯನ್ನು ಮಾತ್ರ ಹೇಳಿ ಬಿಡಲಿಲ್ಲ. ಕ್ರಿ. ಪೂ. 335ರಲ್ಲಿ ಥೀಬ್ಸ್ ನಗರವನ್ನು ನೆಲಸಮಮಾಡಿದಾಗ ಆರು ಸಾವಿರಕ್ಕೂ ಹೆಚ್ಚು ಮಂದಿ ಸತ್ತರೆಂದೂ ಮೂವತ್ತು ಸಾವಿರ ಮಂದಿ ಗುಲಾಮರಾಗಿ ಮಾರಲ್ಪಟ್ಟರೆಂದೂ ಬರೆದಿರುವನು. ನಮ್ಮ ಮಕ್ಕಳ ಪುಸ್ತಕಗಳಲ್ಲಿ ಕುದುರೆಯು ಉಳಿಯಿತು, ಥೀಬ್ಸ್ ಬಿದ್ದುಹೋಯಿತು.

ಅವನೇ ಹೇಳುವ ಇನ್ನೊಂದು ಪ್ರಸಂಗವುಂಟು. ಒನೆಸಿಕ್ರಿಟಸ್ ಎಂಬುವನು ಅಲೆಕ್ಸಾಂಡರನ ಹಡಗಿನ ಅಧಿಕಾರಿಗಳಲ್ಲಿ ಒಬ್ಬನಾಗಿದ್ದು, ಮುಂದೆ ಅವನ ಚರಿತ್ರೆಯನ್ನು ಬರೆದನು. ಅದರಲ್ಲಿ ಅಮೆಜಾನರೆಂಬ ವೀರಸ್ತ್ರೀಯರ ರಾಣಿಯು ಅಲೆಕ್ಸಾಂಡರನನ್ನು ಕಾಣಲು ಬಂದಳೆಂದು ಸೇರಿಸಿದ್ದನು. ಈ ಭಾಗವನ್ನು, ಆ ವೇಳೆಗೆ ತಾನೇ ರಾಜನಾಗಿದ್ದ ಹಳೆಯ ಸೇನಾನಿ ಲೈಸಿಮ್ಯಾಕಸನ ಮುಂದೆ ಓದಿದಾಗ, ಅವನು ಮೆಲ್ಲನೆ ನಕ್ಕು, ಆಗ ನಾನು ಎಲ್ಲಿದ್ದೆನೋ ಎಂಬಂತೆ ಕೇಳಿದನಂತೆ. ಚರಿತ್ರೆ ಬರೆಯುವ ಪ್ರತಿಯೊಬ್ಬನೂ ತನ್ನೆದುರಿಗೆ ಒಬ್ಬ ಲೈಸಿಮ್ಯಾಕಸನು ಕುಳಿತಿರುವನೆಂದು ಭಾವಿಸಿಕೊಂಡು ಬರೆದರೆ ಎಷ್ಟೋ ಕಟ್ಟುಕಥೆಗಳು ತಪ್ಪುವುವು.

ನಮ್ಮ ದೇಶದ ಪೌರವ ರಾಜನ ಕಥೆಯನ್ನೂ ಇಲ್ಲಿ ನೆನೆಯಬೇಕು. ಕ್ರಿ. ಪೂ. 326ರಲ್ಲಿ ವಿತಸ್ತಾ ನದಿಯ ದಡದಲ್ಲಿ ಸೋತು ಸೆರೆಯಾದ ಅವನು, ತನ್ನನ್ನು ರಾಜನಿಗೆ ತಕ್ಕಂತೆ ನಡೆಸಿಕೊಳ್ಳಬೇಕೆಂದು ಉತ್ತರಕೊಟ್ಟನೆಂಬುದು ನಮ್ಮ ಪಾಠಪುಸ್ತಕಗಳ ಕಥೆ. ಇದು ಬಂದುದು ಗ್ರೀಕರ ಗ್ರಂಥಗಳಿಂದ. ನಮಗೆ ದೊರೆತಿರುವ ಪ್ರಾಚೀನ ಭಾರತೀಯ ಗ್ರಂಥಗಳಲ್ಲಿ ಈ ದಂಡಯಾತ್ರೆಯ ವೃತ್ತಾಂತವೇ ಇಲ್ಲ. ಸೋತವನ ಧೀರವಾದ ಮಾತನ್ನು ಗೆದ್ದವನ ಕಡೆಯವರು ಬರೆದಿಟ್ಟರು. ಅದರಿಂದ ಸೋತವನಿಗೂ ಗೌರವ ಬಂದಿತು, ಕ್ಷಮಿಸಿದ ಗೆದ್ದವನಿಗೆ ಅದಕ್ಕಿಂತ ಹೆಚ್ಚಿನ ಗೌರವ ಬಂದಿತು. ಕಥೆಯು ಸುಳ್ಳೆಂದು ನಾನು ಹೇಳುವುದಿಲ್ಲ; ಯಾರ ಬಾಯಿಂದ ಬಂದುದೆಂಬುದನ್ನು ಮಕ್ಕಳಿಗೆ ಹೇಳಿರಿ ಎಂದಷ್ಟೇ ನನ್ನ ಬಿನ್ನಹ.

ದಂಗೆಯೆದ್ದವರ ಚರಿತ್ರೆಯಲ್ಲಿ ಈ ಕಷ್ಟವು ಇಮ್ಮಡಿಯಾಗುವುದು. ಕ್ರಿ. ಪೂ. 73ರಲ್ಲಿ ಇಟಲಿಯ ಕಾಪುವಾ ಎಂಬ ಊರಿನ ಮಲ್ಲರ ಶಾಲೆಯಿಂದ ಎಪ್ಪತ್ತಕ್ಕೆ ಮೇಲ್ಪಟ್ಟು ಗುಲಾಮರು ತಪ್ಪಿಸಿಕೊಂಡು ಓಡಿದರು. ಜನರ ವಿನೋದಕ್ಕಾಗಿ ಒಬ್ಬರನ್ನೊಬ್ಬರು ಕೊಲ್ಲುವುದಕ್ಕೆ ತರಪೇತು ಮಾಡಲ್ಪಟ್ಟವರು ಅವರು. ಅಡಿಗೆಯ ಮನೆಯ ಕತ್ತಿಗಳೂ ಮಾಂಸ ಸುಡುವ ಕಂಬಿಗಳೂ ಅವರ ಮೊದಲ ಆಯುಧಗಳು. ಅವರ ನಾಯಕನೇ ಸ್ಪಾರ್ಟಕಸ್. ವಿಸೂವಿಯಸ್ ಬೆಟ್ಟದ ಮೇಲೆ ರೋಮನ್ ಸೈನ್ಯವು ಮುತ್ತಿದಾಗ ಕಾಡುಬಳ್ಳಿಗಳಿಂದ ಏಣಿ ಹೆಣೆದು ಹಿಂಬದಿಯಿಂದಿಳಿದು ಅವರನ್ನು ಸೋಲಿಸಿದರು. ಎರಡು ವರ್ಷ ಇಟಲಿಯೆಲ್ಲ ನಡುಗಿತು. ಕ್ರಿ. ಪೂ. 71ರಲ್ಲಿ ಕ್ರಾಸಸನು ಅವರನ್ನು ಗೆದ್ದನು. ಸೆರೆಸಿಕ್ಕ ಆರು ಸಾವಿರ ಮಂದಿಯನ್ನು ಕಾಪುವಾದಿಂದ ರೋಮಿನವರೆಗೆ ಹೆದ್ದಾರಿಯ ಉದ್ದಕ್ಕೂ ಶಿಲುಬೆಗೇರಿಸಲಾಯಿತು. ಸ್ಪಾರ್ಟಕಸನ ಹೆಣವು ಸಿಕ್ಕಲೇ ಇಲ್ಲ.

ಆ ಗುಲಾಮರಲ್ಲಿ ಯಾರೂ ಬರೆದಿಟ್ಟ ಒಂದು ಸಾಲೂ ನಮಗೆ ಉಳಿದಿಲ್ಲ. ಅವನನ್ನು ಕುರಿತು ಪ್ಲೂಟಾರ್ಕನು ಬರೆದಿರುವುದೂ ಅವನ ಚರಿತ್ರೆಯೆಂದಲ್ಲ. ಅವನನ್ನು ಗೆದ್ದ ಕ್ರಾಸಸನ ಚರಿತ್ರೆಯಲ್ಲಿ ಕೆಲವು ಪುಟಗಳು. ಗೆದ್ದವನ ಮನೆಯ ಜಗಲಿಯಲ್ಲಿ ಸೋತವನಿಗೆ ಸಿಕ್ಕಿದ ಸ್ಥಳವಷ್ಟೇ ಅದು! ಆದರೂ ಪ್ಲೂಟಾರ್ಕನು ಅವನ ಬುದ್ಧಿಯನ್ನೂ ಸೌಮ್ಯತೆಯನ್ನೂ ಹೊಗಳದೆ ಬಿಡಲಿಲ್ಲ. ಅಪಿಯನ್ ಎಂಬ ಇನ್ನೊಬ್ಬ ಇತಿಹಾಸಕಾರನು ಅವನು ಕೊಳ್ಳೆಯನ್ನು ಎಲ್ಲರಿಗೂ ಸಮನಾಗಿ ಹಂಚುತ್ತಿದ್ದನೆಂದು ಬರೆದನು. ಶತ್ರುಪಕ್ಷದವರ ಲೇಖನಿಯಿಂದ ಬಂದ ಹೊಗಳಿಕೆಯು ಮಿತ್ರರ ಸ್ತೋತ್ರಕ್ಕಿಂತ ಹೆಚ್ಚು ತೂಕವುಳ್ಳದ್ದು. ಅದೇ ರೀತಿ ಮಿತ್ರರ ಲೇಖನಿಯಿಂದ ಜಾರಿದ ದೋಷಕ್ಕೂ ತೂಕ ಹೆಚ್ಚು. ಹೆರ್ನಾಂಡೊ ಬರೆದ ಗೆಜ್ಜೆಯ ಕಪ್ಪದಂತೆ.

ನಮ್ಮ ನಾಡಿನ ಕಿತ್ತೂರಿನ ದಂಗೆಯಲ್ಲಿಯೂ ಇದನ್ನು ಕಾಣಬಹುದು. 1824ನೆಯ ಅಕ್ಟೋಬರ್ 23ರಲ್ಲಿ ಕಂಪನಿಯ ಕಲೆಕ್ಟರ್ ಥ್ಯಾಕರೆಯು ಕಿತ್ತೂರಿನಲ್ಲಿ ಸತ್ತನು. ರಾಣಿ ಚೆನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ನೇಣಿಗೇರಿಸಿದರು. ಕಂಪನಿಯವರ ಕಾಗದಗಳಲ್ಲಿ ತಾರೀಖುಗಳುಂಟು, ಆದರೆ ಅಲ್ಲಿ ರಾಯಣ್ಣನು ಬಂಡಾಯಗಾರನು ಮಾತ್ರ. ಹಳ್ಳಿಗಳ ಲಾವಣಿಗಳಲ್ಲಿ ಅವನು ವೀರನು, ಆದರೆ ಅಲ್ಲಿ ತಾರೀಖುಗಳು ನಿಲ್ಲುವುದಿಲ್ಲ. ಹಾಡಿನಿಂದ ಹಾಡಿಗೆ ಸಂಗತಿಗಳು ಬೆಳೆಯುವುವು. ಸ್ಪಾರ್ಟಕಸನಿಗಿಲ್ಲದ ಭಾಗ್ಯವು ರಾಯಣ್ಣನಿಗೆ ದೊರೆತಿದೆ; ಅವನ ಜನರು ಅವನನ್ನು ಹಾಡಿಟ್ಟಿರುವರು. ಬರೆಯುವವನು ಎರಡನ್ನೂ ಎದುರಿಗಿಟ್ಟುಕೊಳ್ಳಬೇಕು. ಒಂದನ್ನೇ ಹಿಡಿದರೆ ಕುಂಟುವನು.

ನಾಯಕನ ಮೇಲಿನ ಭಕ್ತಿಯು ಜೊತೆಗಾರರನ್ನು ಹೇಗೆ ಅಳಿಸಿಬಿಡುವುದೆಂಬುದಕ್ಕೆ ಮೆಗಲನ್ನನ ಯಾತ್ರೆಯೇ ಸಾಕು. 1519ರಲ್ಲಿ ಐದು ಹಡಗುಗಳೊಡನೆ ಹೊರಟ ಅವನು 1521ನೆಯ ಏಪ್ರಿಲ್ 27ರಲ್ಲಿ ಫಿಲಿಪೈನ್ ದ್ವೀಪಗಳ ಮಕ್ತಾನಿನಲ್ಲಿ ಲಾಪುಲಾಪು ಎಂಬ ನಾಯಕನ ಜನರೊಡನೆ ಕಾದಿ ಮಡಿದನು. ಉಳಿದ ಒಂದೇ ಹಡಗು, ಹದಿನೆಂಟು ಮಂದಿಯೊಡನೆ, 1522ರ ಸೆಪ್ಟೆಂಬರಿನಲ್ಲಿ ಸ್ಪೇನಿಗೆ ಮುಟ್ಟಿತು. ಅದನ್ನು ನಡೆಸಿ ತಂದವನು ಎಲ್ಕಾನೋ. ಆ ಹದಿನೆಂಟು ಮಂದಿಯಲ್ಲಿ ಒಬ್ಬನಾದ ಪಿಗಾಫೆಟ್ಟನು ಯಾತ್ರೆಯ ವೃತ್ತಾಂತವನ್ನು ಬಹಳ ಸೊಗಸಾಗಿ ಬರೆದನು. ಮೆಗಲನ್ನನಲ್ಲಿ ಅವನಿಗೆ ಎಷ್ಟು ಪ್ರೀತಿಯೆಂದರೆ, ತನ್ನನ್ನು ಮನೆಗೆ ಮುಟ್ಟಿಸಿದ ಎಲ್ಕಾನೋವಿನ ಹೆಸರನ್ನು ಇಡಿಯ ಗ್ರಂಥದಲ್ಲಿ ಒಂದು ಸಲವೂ ಎತ್ತಲಿಲ್ಲ. ಆದರೆ ಮಲಕ್ಕಾದಲ್ಲಿ ಮೆಗಲನ್ನನು ಕೊಂಡುತಂದ ಎನ್ರಿಕೆ ಎಂಬ ಗುಲಾಮನು ಆ ದ್ವೀಪಗಳಲ್ಲಿ ದುಭಾಷಿಯಾಗಿದ್ದುದು ಅದೇ ಗ್ರಂಥದಿಂದ ನಮಗೆ ತಿಳಿಯುವುದು. ಹೀಗೆ ಒಂದೇ ಲೇಖನಿಯು ಒಬ್ಬನನ್ನು ಉಳಿಸುವುದು, ಇನ್ನೊಬ್ಬನನ್ನು ಅಳಿಸುವುದು.

ಇಷ್ಟೆಲ್ಲವನ್ನೂ ಆಲೋಚಿಸಿ, ಮನೆಯಲ್ಲಿ ಮಕ್ಕಳಿಗಾಗಿ ಇಂತಹ ಚರಿತ್ರೆಯನ್ನು ಬರೆಯುವವರಿಗೂ ಕೊಂಡು ಓದಿಸುವವರಿಗೂ ಉಪಯೋಗಕ್ಕೆ ಬರಬಹುದೆಂದು ಕೆಲವು ನಿಯಮಗಳನ್ನು ಮಾಡಿಕೊಂಡಿರುವೆನು.

ಮೊದಲನೆಯದು: ಈ ಸಂಗತಿಯನ್ನು ಯಾರು ಹೇಳಿದರು, ನಡೆದ ಎಷ್ಟು ಕಾಲದ ಮೇಲೆ ಹೇಳಿದರು, ಯಾರ ಅನ್ನವನ್ನು ಉಣ್ಣುತ್ತ ಹೇಳಿದರು ಎಂಬುದನ್ನು ವಿಚಾರಿಸತಕ್ಕದ್ದು. ಮಕ್ಕಳ ಪುಸ್ತಕದಲ್ಲಿಯೂ ಇದಕ್ಕೆ ಒಂದು ವಾಕ್ಯದಷ್ಟು ಸ್ಥಳವಿದ್ದೇ ಇರುವುದು.

ಎರಡನೆಯದು: ಆಧಾರವಿಲ್ಲದೆ ನಾಯಕನ ಬಾಯಲ್ಲಿ ಭಾಷಣಗಳನ್ನು ತುರುಕಬಾರದು. ಪ್ರಾಚೀನರು ಯುದ್ಧದ ಮುಂಚೆ ದೊಡ್ಡ ದೊಡ್ಡ ಭಾಷಣಗಳನ್ನು ತಾವೇ ರಚಿಸಿ ಸೇರಿಸುತ್ತಿದ್ದರು. ಆ ಕಾಲದ ಓದುಗರಿಗೆ ಅದು ಸಂಪ್ರದಾಯವೆಂದು ಗೊತ್ತಿತ್ತು. ನಮ್ಮ ಮಕ್ಕಳಿಗೆ ಗೊತ್ತಿಲ್ಲ.

ಮೂರನೆಯದು: ಗೆಲುವನ್ನು ಬರೆದ ಪುಟದಲ್ಲಿಯೇ ಅದರ ಬೆಲೆಯನ್ನೂ ಬರೆಯತಕ್ಕದ್ದು. ಎಷ್ಟು ಊರುಗಳನ್ನು ಗೆದ್ದನೆಂಬುದನ್ನು ಎಣಿಸುವ ಕೈಯೇ ಆ ಊರುಗಳವರು ಏನಾದರೆಂಬುದನ್ನೂ ಎಣಿಸಲಿ. ಕ್ರೌರ್ಯವನ್ನು ಮಕ್ಕಳೆದುರಿಗೆ ಬಿಚ್ಚಿ ಬಿಚ್ಚಿ ವರ್ಣಿಸಬೇಕಾಗಿಲ್ಲ. ಆದರೆ ನಡೆಯಲೇ ಇಲ್ಲವೆಂಬಂತೆ ದಾಟಿಹೋಗಬಾರದು.

ನಾಲ್ಕನೆಯದು: ದೋಷವನ್ನು ಕಂಡ ಮಾತ್ರಕ್ಕೆ ಗುಣವನ್ನು ಒರಸಿಬಿಡಬಾರದು. ಕೊಲಂಬಸನ ಕೈಯಿಂದ ನಡೆದ ಅನ್ಯಾಯವು ಎಷ್ಟು ನಿಜವೋ, ಗುರುತಿಲ್ಲದ ಸಮುದ್ರದಲ್ಲಿ ಗಾಳಿಯನ್ನು ಓದಿ ಹೋಗಿಬಂದ ಅವನ ಕೌಶಲವೂ ಅಷ್ಟೇ ನಿಜ. 1500ರಲ್ಲಿ ಅವನನ್ನೇ ಸಂಕೋಲೆ ಹಾಕಿ ಸ್ಪೇನಿಗೆ ಕಳುಹಿಸಿದರು. ಆ ಸಂಕೋಲೆಗಳನ್ನು ಅವನು ಕಡೆಯವರೆಗೂ ಕೋಣೆಯಲ್ಲಿಟ್ಟುಕೊಂಡಿದ್ದನೆಂದು ಮಗನು ಬರೆದಿರುವನು. ಪೂಜೆಗಾಗಿ ಬರೆದ ಚರಿತ್ರೆಯು ಹೇಗೆ ಅರ್ಧವೋ, ನಿಂದೆಗಾಗಿ ಬರೆದ ಚರಿತ್ರೆಯೂ ಹಾಗೆಯೇ ಅರ್ಧ.

ಇನ್ನು ನನ್ನ ನೋಟುಪುಸ್ತಕದ ಸಂಗತಿ. ರಜೆಯು ಮುಗಿಯುವುದರೊಳಗಾಗಿ ಅದಕ್ಕೆ ಹನ್ನೆರಡು ಪುಟಗಳನ್ನು ಸೇರಿಸಿದೆನು. ಚಪ್ಪಟೆ ಭೂಮಿಯ ಪುಟವನ್ನು ಹೊಡೆದುಹಾಕಿದೆನು. 1492ರ ಕ್ರಿಸ್ಮಸ್ ದಿನ ದೊಡ್ಡ ಹಡಗು ಒಡೆದಾಗ ತನ್ನ ಜನರನ್ನು ಕಳುಹಿಸಿ ಸಾಮಾನನ್ನೆಲ್ಲ ದಡಕ್ಕೆ ಸಾಗಿಸಿಕೊಟ್ಟ ಗ್ವಾಕನಗರಿ ಎಂಬ ನಾಯಕನನ್ನು ಸೇರಿಸಿದೆನು. ಕೊಲಂಬಸನ ಮುಂದಿನ ಅಧಿಕಾರಿಯೊಬ್ಬನ ಕಾಲದಲ್ಲಿ, 1503ರ ಸುಮಾರಿಗೆ, ನೇಣಿಗೆ ಗುರಿಯಾದ ಅನಕಾವೊನಾ ಎಂಬ ರಾಣಿಯನ್ನು ಸೇರಿಸಿದೆನು. ಅವಳ ಹೆಸರಿಗೆ ಚಿನ್ನದ ಹೂವು ಎಂದು ಅರ್ಥವಂತೆ. ಬರೆದುದನ್ನು ಹಗಲು ಹೊತ್ತಿನಲ್ಲಿಯೇ ಮೊಮ್ಮಗಳಿಗೆ ಓದಿ ಹೇಳಿದೆನು. ನಮ್ಮ ಮನೆಯಾಕೆಯೂ ಅಕ್ಕಿ ಆರಿಸುತ್ತ ಕೇಳಿದಳು. ಈ ಸಲ ಬೇಡವೆನ್ನಲಿಲ್ಲ. ಹುಡುಗಿಯು ಅಳುವಳೋ ಎಂದು ನನಗೆ ಭಯವಿದ್ದಿತು. ಅವಳು ಅಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅವನು ಒಳ್ಳೆಯವನೋ ಕೆಟ್ಟವನೋ, ತಾತ?" ಎಂದು ಕೇಳಿದಳು.

"ಎರಡೂ ಪುಸ್ತಕದಲ್ಲಿವೆ. ದೊಡ್ಡವಳಾದ ಮೇಲೆ ಇನ್ನೊಂದು ಸಲ ಓದಿ ನೀನೇ ಹೇಳು" ಎಂದೆನು.

"ಸರಿ, ಪುಸ್ತಕವನ್ನು ನಾನೇ ಇಟ್ಟುಕೊಳ್ಳುವೆನು" ಎಂದು ಹೇಳಿ, ಊರಿಗೆ ಹೊರಡುವಾಗ ಅದನ್ನು ತನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಹೋದಳು.

ವಾಚಕರೇ, ನಿಮ್ಮ ಮನೆಗಳ ಕಪಾಟುಗಳಲ್ಲಿಯೂ ಇಂತಹ ವೀರರ ಚರಿತ್ರೆಗಳು ಇದ್ದೇ ಇರುವುವು. ಅವುಗಳನ್ನು ಎಸೆಯಬೇಕಾಗಿಲ್ಲ, ಮಕ್ಕಳ ಕೈಯಿಂದ ಕಸಿದುಕೊಳ್ಳಬೇಕಾಗಿಯೂ ಇಲ್ಲ. ಒಂದು ದಿನ ಸಂಜೆ ಅವರ ಪಕ್ಕದಲ್ಲಿ ಕುಳಿತು ಒಂದನ್ನು ಕಡೆಯವರೆಗೂ ಓದಿಸಿರಿ. ಮುಗಿದ ಮೇಲೆ, ಇದರಲ್ಲಿ ಬಂದು ಹೋದ ಉಳಿದವರೆಲ್ಲ ಏನಾದರು ಎಂದು ಕೇಳಿರಿ. ಉತ್ತರವು ನಿಮಗೂ ತಿಳಿಯದಿದ್ದರೆ ಇಬ್ಬರೂ ಸೇರಿ ಹುಡುಕಿರಿ. ಮನೆಯ ಓದು ಅಲ್ಲಿಂದ ಮೊದಲಾಗುವುದು.